ನೋವಿಗೆ ಯಾವ ವಿಭಾಗ?



 ಅಧ್ಯಕ್ಷತೆಯ ನೆಪದಲ್ಲಿ ನನಗೆ ಸಿಕ್ಕಿರುವ ಈ ಹೊತ್ತಿನಲ್ಲಿ ಅರಿವಳಿಕೆ ತಜ್ಞ ಜಾನ್ ಬೊನಿಕಾ ಅವರನ್ನು ನೆನೆಯಬೇಕು ಅನ್ನಿಸಿದೆ. ನೋವಿನ ಚಿಕಿತ್ಸೆಗೆ ವೈದ್ಯಶಾಸ್ತ್ರದಲ್ಲಿ ತನ್ನದೇ ಜಾಗ ಸಿಕ್ಕಿದ್ದರಲ್ಲಿ ಅವರ ಪಾಲು ಬಹಳ ದೊಡ್ಡದು.

ಅವರು 1917ರಲ್ಲಿ ಸಿಸಿಲಿಯ ಬಳಿಯ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿದರು, ಬಾಲಕನಾಗಿದ್ದಾಗಲೇ ಮನೆಯವರೊಂದಿಗೆ ನ್ಯೂಯಾರ್ಕಿಗೆ ಬಂದರು. ವೈದ್ಯಕೀಯ ಓದಿನ ಖರ್ಚಿಗಾಗಿ ಕುಸ್ತಿ ಆಡಿದರು. ಆ ಕುಸ್ತಿ ಕೀಲುಗಳಲ್ಲಿ ಬಿಟ್ಟುಹೋದ ನೋವು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಈಥರ್ ಕೊಟ್ಟಾಗ ಹೆಂಡತಿಯ ಪ್ರಾಣಕ್ಕೇ ಕುತ್ತು ಬಂದಿತ್ತು. ಹೆರಿಗೆಯ ಅರಿವಳಿಕೆಯನ್ನು ಸುರಕ್ಷಿತಗೊಳಿಸಲು ಅವರು ಮುಂದೆ ವರ್ಷಗಟ್ಟಲೆ ದುಡಿದದ್ದರ ಹಿಂದೆ ಆ ಭಯವಿತ್ತು.

1944ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೈನಿಕ ಆಸ್ಪತ್ರೆಯ ಅರಿವಳಿಕೆ ವಿಭಾಗದ ಹೊಣೆ ಅವರ ಮೇಲೆ ಬಿತ್ತು. ಗಾಯ ಮಾಯ್ದಿದ್ದರೂ ಕೈಯ ಉರಿ ಹೋಗದ ಸೈನಿಕರು, ಕತ್ತರಿಸಿ ತೆಗೆದ ಕಾಲು ಇನ್ನೂ ನೋಯುತ್ತಿದೆ ಎನ್ನುವವರು ಅಲ್ಲಿದ್ದರು. ಬೊನಿಕಾ ಪುಸ್ತಕ ತಿರುವಿದರು, ಸಿಕ್ಕಿದ್ದು ಅತ್ಯಲ್ಪ. ನರತಜ್ಞರು, ಮೂಳೆತಜ್ಞರು, ಮನೋವೈದ್ಯರು ಒಬ್ಬೊಬ್ಬರಿಗೂ ರೋಗಿಯನ್ನು ಕಳಿಸಿ ಅಭಿಪ್ರಾಯ ಬರೆಸಿಕೊಂಡರು, ಅದರಿಂದಲೂ ದಾರಿ ಕಾಣಲಿಲ್ಲ. ಕೊನೆಗೆ ಎಲ್ಲರನ್ನೂ ಒಂದೆಡೆ ಕೂರಿಸಿ, ಒಬ್ಬ ರೋಗಿಯ ಬಗ್ಗೆ ಎದುರುಬದುರು ಮಾತಾಡುವ ಪದ್ಧತಿ ತಂದರು. ಅವರ ಇಡೀ ವೃತ್ತಿಬದುಕಿನಲ್ಲಿ ಇದಕ್ಕಿಂತ ದೊಡ್ಡ ಕೊಡುಗೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೋವಿನ ಕುರಿತ 1953ರ ಅವರ ಬೃಹದ್ಗ್ರಂಥಕ್ಕಿಂತಲೂ ಇದು ದೊಡ್ಡದು. 1960ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ನರಶಸ್ತ್ರಚಿಕಿತ್ಸಕ ಲೊವೆಲ್ ವೈಟ್ ಮತ್ತು ನರ್ಸ್ ಡೊರೊತಿ ಕ್ರೌಲಿ ಅವರ ಜೊತೆ ಅದೇ ಪದ್ಧತಿಯಲ್ಲಿ ನೋವಿನ ಕ್ಲಿನಿಕ್ ಕಟ್ಟಿದರು. ಕಟ್ಟಿದವರಲ್ಲಿ ಒಬ್ಬರು ನರ್ಸ್ ಎಂಬುದನ್ನು ದಯವಿಟ್ಟು ಗಮನಿಸಿ.

ಬೊನಿಕಾ ಕಂಡದ್ದಕ್ಕೆ ನರವಿಜ್ಞಾನ ನಿಧಾನವಾಗಿ ಆಧಾರ ಒದಗಿಸಿತು. 1965ರಲ್ಲಿ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್, ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೊಂದು ಬಾಗಿಲಿದೆ, ಸ್ಪರ್ಶದ ನರಗಳು ಅದನ್ನು ಮುಚ್ಚಬಲ್ಲವು, ಮಿದುಳೂ ಅದನ್ನು ನಿಯಂತ್ರಿಸಬಲ್ಲದು ಎಂಬ ಸಿದ್ಧಾಂತ ಮಂಡಿಸಿದರು. 1983ರಲ್ಲಿ ಕ್ಲಿಫರ್ಡ್ ವೂಲ್ಫ್, ಪೆಟ್ಟಾದ ಮೇಲೆ ಬೆನ್ನುಹುರಿಯೇ ಅತಿಸೂಕ್ಷ್ಮವಾಗುತ್ತದೆ ಎಂದು ತೋರಿಸಿದರು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ನೋವು ನಿಜವಾಗಿರಬಹುದು ಎನ್ನಲು ನಮಗಿಂದು ಇಂಥ ಬಲವಿದೆ. ಈ ನಡುವೆ, 1973ರಲ್ಲಿ, ಬೊನಿಕಾ ಇಸ್ಸಾಕ್ವಾ ಎಂಬ ಊರಿನಲ್ಲಿ ಸಂಶೋಧಕರನ್ನೂ ಚಿಕಿತ್ಸಕರನ್ನೂ ಸೇರಿಸಿದರು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ಮೂಡಿದ್ದು ಅಲ್ಲಿಂದ. ನೋವಿದೆ ಎಂದು ರೋಗಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಆ ಸಂಘ 2020ರ ಪರಿಷ್ಕೃತ ವ್ಯಾಖ್ಯೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದೆ.

ಈಗ ನಮ್ಮ ಹೊರರೋಗಿ ವಿಭಾಗಗಳಿಗೆ ಬರೋಣ. ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದವರು, ಸರ್ಪಸುತ್ತು ವಾಸಿಯಾಗಿ ತಿಂಗಳುಗಳಾದರೂ ಅಂಗಿ ತಾಗಿದರೆ ಉರಿಯುತ್ತದೆ ಎನ್ನುವ ಅಜ್ಜಿಯರು, ಬೈಕ್ ಅಪಘಾತದಲ್ಲಿ ಭುಜದ ನರ ಕಿತ್ತುಹೋದ ಹುಡುಗರು, ಸಕ್ಕರೆ ಕಾಯಿಲೆಯಿಂದ ಪಾದ ಉರಿದು ನಿದ್ದೆ ಬಾರದವರು ಕವರಿನ ತುಂಬ ಫಿಲಂ ಹಿಡಿದು ಮೂಳೆ ವಿಭಾಗದಿಂದ ನರ ವಿಭಾಗಕ್ಕೆ, ಅಲ್ಲಿಂದ ಮನೋವೈದ್ಯರಿಗೆ ಅಲೆಯುತ್ತಾರೆ. ಪ್ರತಿ ಬಾಗಿಲಲ್ಲೂ ಮತ್ತೆ ಮೊದಲಿನಿಂದ ಕಥೆ ಹೇಳುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಬಂದವರು ಅವರು. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ಯಾನ್ಸರ್ ನೋವಿನದು ಇನ್ನೂ ದೊಡ್ಡ ಅನ್ಯಾಯ. 1985ರ ಮಾದಕವಸ್ತು ಕಾಯ್ದೆಯ ಪರವಾನಗಿಗಳ ಗೋಜಲಿನಲ್ಲಿ ಮಾರ್ಫಿನ್ ರೋಗಿಯ ಕೈಗೆ ಸಿಗದಾಯಿತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು, ನಿಯಮ ಸರಳವಾಯಿತು. ಬರೆದುಕೊಡುವ ಕೈಗಳು ಮಾತ್ರ ಇನ್ನೂ ಹಿಂಜರಿಯುತ್ತಿವೆ. ಆ ಅಳುಕನ್ನು ತರಬೇತಿಯಿಂದಲೇ ಕಳೆಯಬೇಕು.

ನನ್ನ ಕೋರಿಕೆ ಸಣ್ಣದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಅರಿವಳಿಕೆ ತಜ್ಞರು, ಫಿಜಿಷಿಯನ್, ಮೂಳೆತಜ್ಞರು, ಮನೋವೈದ್ಯರು, ಫಿಸಿಯೋಥೆರಪಿಸ್ಟ್ ಮತ್ತು ನರ್ಸ್ ಒಂದೇ ಕೋಣೆಯಲ್ಲಿ ಕೂತು ರೋಗಿಯನ್ನು ಒಟ್ಟಿಗೆ ನೋಡಲಿ. ನರತಜ್ಞರಿಲ್ಲದ ಕಡೆ ಮೆಡಿಕಲ್ ಕಾಲೇಜಿನವರು ವಿಡಿಯೋ ಕರೆಯಲ್ಲಿ ಜೊತೆಯಾಗಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಈ ನಿರ್ಣಯವನ್ನು ಮಂಡಿಸುತ್ತೇನೆ. ನಿಮ್ಮ ಆಸ್ಪತ್ರೆಗೆ ಯಾವ ದಿನ ಅನುಕೂಲ, ಯಾರ್‍ಯಾರು ಕೂರಬಲ್ಲಿರಿ ಎಂಬುದನ್ನು ಊಟದ ಹೊತ್ತಿಗೆ ಮಾತಾಡಿ, ಬರೆದುಕೊಂಡು ಬನ್ನಿ.