ಹುಣಸೆ ಬೀಜ ಹೇಳಿದ ಕುದುರೆಮರಿಯ ಬಣ್ಣ

ಮಕ್ಕಳೇ, ಮೊದಲು ಒಂದು ಒಗಟು. ತಾಯಿ ಕುದುರೆಯ ಮೈ ಕಂದು, ತಂದೆ ಕುದುರೆಯ ಮೈಯೂ ಕಂದು. ಎರಡಕ್ಕೂ ಕುತ್ತಿಗೆಯ ಜೂಲು, ಬಾಲ, ಕಾಲಿನ ಕೆಳಭಾಗ ಕಾಡಿಗೆ ಹಚ್ಚಿದಷ್ಟು ಕಪ್ಪು. ಹನ್ನೊಂದು ತಿಂಗಳು ಹೊತ್ತು ತಾಯಿ ಮರಿ ಹಾಕಿತು. ನೋಡಿದರೆ ಮರಿಯ ಮೈಯೆಲ್ಲ ಕೆಂಪು! ಬೆಳೆದಂತೆ ಜೂಲು, ಬಾಲವೂ ಕೆಂಪಾದವು. ಒಂದೇ ಒಂದು ಕಪ್ಪು ಕೂದಲಿಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಕಾಣದ ಈ ಬಣ್ಣ ಎಲ್ಲಿಂದ ಬಂತು?

ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್. ಕುದುರೆ ಸಾಕುವವರು, ರೇಸಿನವರು ಕಂದು ಮೈ, ಕಪ್ಪು ಬಾಲದ ಕುದುರೆಯನ್ನು ‘ಬೇ’ ಎನ್ನುತ್ತಾರೆ. ಕಪ್ಪೇ ಇಲ್ಲದ ಕೆಂಪು ಕುದುರೆ ‘ಚೆಸ್ಟ್‌ನಟ್’. ನಾವೂ ಹಾಗೆಯೇ ಕರೆಯೋಣ.

ಒಗಟು ಬಿಡಿಸಲು ಎರಡು ಹುಣಸೆ ಬೀಜ ಸಾಕು. ಚೌಕಾಬಾರ ಆಡಲು ಮಾಡುತ್ತೀರಲ್ಲ, ಹಾಗೆ ಎರಡರ ಒಂದೊಂದು ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ ಇಟ್ಟುಕೊಳ್ಳಿ. ಆಟಕ್ಕೆ ಮೊದಲು ಕೂದಲಿನ ಬುಡಕ್ಕೆ ಹೋಗಿ ಬರೋಣ.

ಕುದುರೆಯ ಕೂದಲಿನಲ್ಲಿರುವುದು ಎರಡೇ ಬಣ್ಣ, ಒಂದು ಕಪ್ಪು, ಇನ್ನೊಂದು ಕೆಂಪು. ಕೂದಲಿನ ಬುಡದ ಪುಟ್ಟ ಜೀವಕೋಶಗಳು ಇವನ್ನು ತಯಾರಿಸುತ್ತವೆ. ಆ ಜೀವಕೋಶದ ಮೇಲೆ ಒಂದು ಸ್ವಿಚ್ ಇದೆ ಅಂದುಕೊಳ್ಳಿ. ಸ್ವಿಚ್ ಹಾಕಿದರೆ ಕಪ್ಪು, ಆರಿಸಿದರೆ ಕೆಂಪು. ಈ ಸ್ವಿಚ್ಚನ್ನು ಹೇಗೆ ಕಟ್ಟಬೇಕು ಎಂದು ಬರೆದಿಟ್ಟ ಸೂಚನೆಯೇ ಜೀನ್. ಪ್ರತಿ ಕುದುರೆಯಲ್ಲೂ ಈ ಸೂಚನೆಯ ಎರಡು ಪ್ರತಿಗಳಿರುತ್ತವೆ, ತಾಯಿ ಕೊಟ್ಟದ್ದೊಂದು, ತಂದೆ ಕೊಟ್ಟದ್ದೊಂದು. ಒಂದು ಪ್ರತಿ ಸರಿಯಾಗಿದ್ದರೂ ಸ್ವಿಚ್ ಕೆಲಸ ಮಾಡುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕೂದಲಿಗೆ ಕಪ್ಪು ಹತ್ತುವುದೇ ಇಲ್ಲ. ಆಗ ಮರಿ ಚೆಸ್ಟ್‌ನಟ್.

ಈಗ ಬೀಜ ಕೈಗೆತ್ತಿಕೊಳ್ಳಿ. ಒಂದು ಬೀಜ ತಾಯಿ, ಇನ್ನೊಂದು ತಂದೆ. ತಿಕ್ಕದ ಕಪ್ಪು ಮಗ್ಗುಲು ಸರಿಯಾದ ಸೂಚನೆ, ತಿಕ್ಕಿದ ಬಿಳಿ ಮಗ್ಗುಲು ಕೆಟ್ಟ ಸೂಚನೆ. ನಮ್ಮ ಒಗಟಿನ ಅಪ್ಪ ಅಮ್ಮ ಇಬ್ಬರೂ ಇಂಥ ಎರಡು ಮಗ್ಗುಲಿನ ಬೀಜಗಳೇ. ಒಂದು ಪ್ರತಿ ಸರಿ ಇರುವುದರಿಂದ ಅವು ಬೇ ಆಗಿ ಕಾಣುತ್ತವೆ, ಕೆಟ್ಟ ಪ್ರತಿ ಒಳಗೇ ಅಡಗಿ ಕೂತಿರುತ್ತದೆ. ಮರಿಗೆ ಯಾವ ಪ್ರತಿ ಹೋಗುತ್ತದೆ ಎನ್ನುವುದು ಗರ ಬಿದ್ದಂತೆ.

ಗರ ಹಾಕಿ. ಬೀಳುವ ಬಗೆ ನಾಲ್ಕು: ಕಪ್ಪು–ಕಪ್ಪು, ಕಪ್ಪು–ಬಿಳಿ, ಬಿಳಿ–ಕಪ್ಪು, ಬಿಳಿ–ಬಿಳಿ. ಮೊದಲ ಮೂರರಲ್ಲಿ ಸ್ವಿಚ್ ಕೆಲಸ ಮಾಡುತ್ತದೆ. ಕೊನೆಯ ಗರ ಬಿದ್ದರೆ ಮರಿ ಕೆಂಪು. ಅಂದರೆ ನಾಲ್ಕರಲ್ಲಿ ಒಂದು ಪಾಲು. ಒಗಟು ಬಿಡಿಸಿದಂತಾಯಿತು!

ಎರಡೂ ಚೆಸ್ಟ್‌ನಟ್ ಕುದುರೆಗಳಾದರೆ? ಅವುಗಳ ಬೀಜಕ್ಕೆ ಎರಡು ಮಗ್ಗುಲೂ ಬಿಳಿಯೇ. ಎಷ್ಟು ಗರ ಹಾಕಿದರೂ ಬಿಳಿ–ಬಿಳಿ, ಮರಿ ಕೆಂಪೇ. ಇಂಗ್ಲೆಂಡಿನ ಚಾರ್ಲ್ಸ್ ಹರ್ಸ್ಟ್ ಎಂಬ ವಿಜ್ಞಾನಿ ಇದನ್ನು ಪತ್ತೆ ಹಚ್ಚಿದ ಬಗೆ ಸೊಗಸಾಗಿದೆ. ಅವರು ರೇಸ್ ಕುದುರೆಗಳ ವಂಶಾವಳಿಯ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಯಾವ ಬಣ್ಣದ ಜೋಡಿಗೆ ಯಾವ ಬಣ್ಣದ ಮರಿ ಎಂದು ಎಣಿಸುತ್ತಾ ಹೋದರು. ಮೆಂಡೆಲ್ ಎಂಬ ವಿಜ್ಞಾನಿ ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಲೆಕ್ಕವೇ ಕುದುರೆಯ ಮೈಬಣ್ಣದಲ್ಲೂ ಇದೆ ಎಂದು 1906ರಲ್ಲಿ ತೋರಿಸಿಕೊಟ್ಟರು. ಆಗ ಜೀನುಗಳನ್ನು ಓದಿ ಹೇಳುವ ಡಿಎನ್‌ಎ ಪರೀಕ್ಷೆ ಇರಲಿಲ್ಲ. ಎಣಿಸುವ ತಾಳ್ಮೆಯೇ ಅವರ ಪ್ರಯೋಗಾಲಯ.

ಸ್ವಿಚ್ ಸರಿಯಿದ್ದರೆ ಇಡೀ ಮೈ ಕಪ್ಪಾಗಬೇಕಲ್ಲ, ಬೇ ಕುದುರೆಯ ಮೈ ಕಂದಾಗಿದ್ದೇಕೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕೆ ಕಾರಣ ‘ಅಗೌಟಿ’ ಎಂಬ ಇನ್ನೊಂದು ಜೀನ್. ಅದು ತಯಾರಿಸುವ ಪ್ರೋಟೀನು ಮೈಮೇಲಿನ ಸ್ವಿಚ್ಚುಗಳನ್ನು ಆರಿಸುತ್ತದೆ. ಜೂಲು, ಬಾಲ, ಕಾಲು, ಕಿವಿಯಂಚು ಮಾತ್ರ ಕಪ್ಪಾಗಿ ಉಳಿಯುತ್ತವೆ. ಇದರ ಎರಡೂ ಪ್ರತಿಗಳು ಕೆಟ್ಟಿದ್ದರೆ ಆರಿಸುವವರಿಲ್ಲ, ಕುದುರೆ ಪೂರ್ತಿ ಕಪ್ಪು.

ಈ ಎರಡನೆಯ ಜೀನಿಗೂ ಎರಡು ಬೀಜ ಸೇರಿಸಿದರೆ ಆಟ ಇನ್ನೂ ರಂಗೇರುತ್ತದೆ. ಬೇ ಅಪ್ಪ ಅಮ್ಮ ಇಬ್ಬರಲ್ಲೂ ಎರಡು ಜೀನಿನ ಒಂದೊಂದು ಕೆಟ್ಟ ಪ್ರತಿ ಅಡಗಿದ್ದರೆ 16 ಬಗೆಯ ಗರ ಬೀಳಬಹುದು. ಅದರಲ್ಲಿ 9 ಬೇ, 3 ಕಪ್ಪು, 4 ಚೆಸ್ಟ್‌ನಟ್. ಕಾಗದದ ಮೇಲೆ ನಾಲ್ಕು ಸಾಲು, ನಾಲ್ಕು ಕಂಬದ ಮನೆ ಬರೆದು ನೀವೇ ತಾಳೆ ನೋಡಿ.

ಬಿಳಿ ಕುದುರೆಯ ಕತೆ ಬೇರೆ. ನಾವು ಬಿಳಿ ಎನ್ನುವ ಹೆಚ್ಚಿನ ಕುದುರೆಗಳು ಹುಟ್ಟುವಾಗ ಬಿಳಿಯಾಗಿರುವುದಿಲ್ಲ! ಆಸ್ಟ್ರಿಯಾದ ವಿಯೆನ್ನಾ ನಗರದ ಸವಾರಿ ಶಾಲೆಯಲ್ಲಿ ಹಾಲಿನಂತೆ ಬೆಳ್ಳಗಿರುವ ಲಿಪಿಜ್ಜಾನರ್ ಕುದುರೆಗಳಿವೆ. ಅವುಗಳ ಮರಿಗಳು ಕಪ್ಪಾಗಿಯೋ ಕಡುಕಂದಾಗಿಯೋ ಹುಟ್ಟಿ, ಆರರಿಂದ ಹತ್ತು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಬೆಳ್ಳಗಾಗುತ್ತವೆ. ಅಜ್ಜನ ತಲೆ ನರೆತ ಹಾಗೆ. ಕೂದಲು ಸರಿಸಿ ನೋಡಿದರೆ ಒಳಗಿನ ಚರ್ಮ ಕಪ್ಪಾಗಿಯೇ ಇರುತ್ತದೆ. ಈ ನರೆಯ ಜೀನಿನ ಒಂದೇ ಪ್ರತಿ ಸಾಕು, ಬಣ್ಣ ಬಿಟ್ಟುಹೋಗುತ್ತದೆ. ಇದು ಅಡಗಿ ಕೂರುವ ಜೀನ್ ಅಲ್ಲ. ಹಾಗಾಗಿ ಮರಿ ಹೀಗೆ ನರೆಯಬೇಕಾದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ನರೆಯುವ ಕುದುರೆಯಾಗಿರಲೇಬೇಕು.

ಇಂದು ಅಡಗಿರುವ ಪ್ರತಿ ತಿಳಿಯಲು ಮರಿ ಹುಟ್ಟುವವರೆಗೆ ಕಾಯಬೇಕಿಲ್ಲ. ಜೂಲಿನಿಂದಲೋ ಬಾಲದಿಂದಲೋ ಬುಡಸಹಿತ ಕೆಲವು ಕೂದಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ಬುಡದ ಜೀವಕೋಶಗಳಲ್ಲಿರುವ ಡಿಎನ್‌ಎ ಓದಿ ಹೇಳುತ್ತಾರೆ.

ಒಂದು ಮಾತು ನೆನಪಿಡಿ. ನಮ್ಮ ಒಗಟಿನ ಜೋಡಿಗೆ ಕಳೆದ ವರ್ಷ ಕೆಂಪು ಮರಿ ಹುಟ್ಟಿತು, ಆದ್ದರಿಂದ ಈ ವರ್ಷ ಖಂಡಿತ ಬೇ ಎನ್ನುವಂತಿಲ್ಲ. ಹಿಂದಿನ ಗರ ಬೀಜಕ್ಕೆ ನೆನಪಿರುವುದಿಲ್ಲ. ಪ್ರತಿ ಮರಿಗೂ ಹೊಸ ಗರ, ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು.

ಇವತ್ತೇ ಸಂಜೆ 40 ಗರ ಹಾಕಿ, ಬಿಳಿ–ಬಿಳಿ ಎಷ್ಟು ಸಲ ಬಿತ್ತು ಬರೆದಿಡಿ. 10ರ ಆಸುಪಾಸು ಬರಬೇಕು. ತೀರಾ ಹೆಚ್ಚು ಕಡಿಮೆಯಾದರೆ ತಿಕ್ಕಿದ ಬೀಜ ಒಂದೇ ಕಡೆಗೆ ವಾಲುತ್ತಿರಬಹುದು, ಎರಡು ನಾಣ್ಯ ತೆಗೆದುಕೊಂಡು ಮತ್ತೆ ಆಡಿ. ಹರ್ಸ್ಟ್ ಮಾಡಿದ್ದೂ ಇದನ್ನೇ: ಎಣಿಸಿದರು, ಬರೆದರು, ನಿಯಮ ಕಂಡರು.