ಸಿಂಗಲ್‌ಸ್ಪೀಡ್ ಸೈಕಲ್ ಕಟ್ಟೋ ಮುಂಚೆ ಬ್ರೇಕ್ ಲೆಕ್ಕ ಹಾಕಿ

ಈ ವಾರ ಹಣಕಾಸಿನ ವಿಷಯ ಬಿಟ್ಟು ಸೈಕಲ್ ಬಗ್ಗೆ ಮಾತಾಡ್ತೀನಿ. ಪೂರ್ತಿ ಬಿಟ್ಟು ಅಂತಲ್ಲ. ಬಿ.ಕಾಂ. ಓದಿದವನು ಸೈಕಲ್ ಕಟ್ಟೋಕೆ ಹೊರಟರೂ ಮೊದಲು ತೆರೆಯೋದು ಎಕ್ಸೆಲ್ ಶೀಟೇ.

ತುಮಕೂರಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರ ಅಪ್ಪನ ಅಟ್ಲಾಸ್ ಸೈಕಲ್ ಮನೆ ಹಿಂದೆ ನಿಂತಿದೆ. ಕಪ್ಪು ಬಣ್ಣದ್ದು, ರಾಡ್ ಬ್ರೇಕಿಂದು. "ಬ್ರೋ, ಇದನ್ನ ಸಿಂಗಲ್‌ಸ್ಪೀಡ್ ಮಾಡ್ಬೇಕು. ಹತ್ತು ಸಾವಿರ ಎತ್ತಿಟ್ಟಿದ್ದೀನಿ. ಯಾವ್ ಯಾವ ಪಾರ್ಟ್ ತಗೊಳ್ಲಿ?" ಅಂತ. ನನಗೆ ಮೊದಲು ನಗು ಬಂತು. ಅಟ್ಲಾಸ್ ಹುಟ್ಟಿದಾಗಿನಿಂದ ಸಿಂಗಲ್‌ಸ್ಪೀಡೇ ಅಲ್ವಾ? ಗೇರಿಲ್ಲ, ಹಿಂದೆ ಒಂದೇ ಫ್ರೀವೀಲು. ಆದ್ರೆ ಅವರ ಮನಸ್ಸಲ್ಲಿ ಇರೋದು ಬೇರೆ ಚಿತ್ರ: ಹಗುರ ಚಕ್ರ, ತೆಳು ಟಯರು, ವೈರ್ ಬ್ರೇಕು, ಮಡ್‌ಗಾರ್ಡ್ ಇಲ್ಲದ ಸಪೂರ ಸೈಕಲ್ಲು. ಅಂಥದ್ದೊಂದನ್ನ ನಾನು ಕಟ್ಟಿದ್ದೀನಿ. ಪೆಟ್ಟೂ ತಿಂದಿದ್ದೀನಿ.

ಕಳೆದ ವರ್ಷ ಮಳೆಗಾಲದಲ್ಲಿ ಆರು ವಾರ ಎಪಿಸೋಡ್ ಬರಲಿಲ್ಲ, ನೆನಪಿದ್ಯಾ? ಹುಷಾರಿಲ್ಲ ಅಂತ ಹಾಕಿದ್ದೆ. ನಿಜ ಹೇಳೋಕೆ ನಾಚಿಕೆ ಆಗಿತ್ತು. ಬಲಗೈ ಮಣಿಕಟ್ಟು ಮುರ್ಕೊಂಡಿದ್ದೆ, ನಾನೇ ಕಟ್ಟಿದ ಸೈಕಲಿಂದ ಬಿದ್ದು.

ಆಗಿದ್ದು ಹೀಗೆ. ಮೈಸೂರಲ್ಲಿ ಗುಜರಿ ಅಂಗಡಿಯೊಂದರಲ್ಲಿ ಹಳೇ ಸ್ಪೋರ್ಟ್ಸ್ ಮಾಡೆಲ್‌ನ ಸ್ಟೀಲ್ ಫ್ರೇಮ್ ಸಿಕ್ತು, 900 ರೂಪಾಯಿಗೆ, ಹಳೇ ಚಕ್ರಗಳ ಸಮೇತ. ಆ ಚಕ್ರಗಳನ್ನ ಮೂಲೆಗೆ ಹಾಕಿ ಆನ್‌ಲೈನಲ್ಲಿ ಹೊಸ ಅಲಾಯ್ ಚಕ್ರದ ಜೋಡಿ ತರಿಸಿದೆ, 4,200. ಫೋಟೋ ನೋಡಿ ತರಿಸಿದ್ದು, ಅಳತೆ ನೋಡಿ ಅಲ್ಲ. ಹಿಂದಿನ ಹಬ್ಬಿನ ಅಗಲ 130 ಮಿ.ಮೀ. ಇತ್ತು. ನನ್ನ ಫ್ರೇಮಲ್ಲಿ ಹಿಂದಿನ ಚಕ್ರ ಕೂರೋ ಜಾಗ 114. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಆಗ ಮಾಡಬೇಕಿದ್ದದ್ದು ಏನಂದ್ರೆ, ಆ ದುಡ್ಡು ಹೋಯ್ತು ಅಂತ ಬಿಟ್ಟು ಸರಿಯಾದ ಚಕ್ರಕ್ಕೆ ಕಾಯೋದು. ಹೋದ ದುಡ್ಡನ್ನ ಮುಂದಿನ ನಿರ್ಧಾರಕ್ಕೆ ಎಳ್ಕೊಂಡು ಬರಬಾರದು ಅಂತ ಡಿಗ್ರಿಯಲ್ಲಿ ಓದಿ ಪಾಸಾದವನು ನಾನು! ಆದ್ರೆ "ಇಷ್ಟು ಹಾಕಿದ್ದಾಯ್ತು, ಈಗ ನಿಲ್ಸೋದಾ" ಅಂತ ಹಳೇ ಚಕ್ರಗಳನ್ನೇ ಪಾಲಿಶ್ ಮಾಡಿ ಹಾಕಿದೆ. ಥಳಥಳ ಹೊಳೆಯೋ ಕ್ರೋಮ್ ಸ್ಟೀಲ್ ರಿಮ್ಮು. ಉಳಿದ ಬಜೆಟ್ಟಲ್ಲಿ ಪೌಡರ್ ಕೋಟಿಂಗ್ 1,800, ಕಂದು ಸೀಟು ಮತ್ತು ಹ್ಯಾಂಡಲ್ ಟೇಪು 1,600. ಬ್ರೇಕ್? ವೈರ್ ಸೇರಿ ಜೋಡಿಗೆ 350 ರೂಪಾಯಿ. ಶೀಟಲ್ಲಿ ಅದು ಕೊನೇ ಸಾಲು.

ಕ್ರೋಮ್ ಸ್ಟೀಲ್ ರಿಮ್ಮು ಒಣಗಿದ್ದಾಗ ಪರವಾಗಿಲ್ಲ. ನೆನೆದರೆ ರಬ್ಬರ್ ಹಿಡಿಯೋದೇ ಇಲ್ಲ, ಜಾರುತ್ತೆ. ಒಂದು ಸಂಜೆ ಜಿಟಿಜಿಟಿ ಮಳೆ, ಇಳಿಜಾರು, ಎದುರಿಗೆ ಮಕ್ಕಳನ್ನ ತುಂಬಿಕೊಂಡ ಆಟೋ ತಿರುಗ್ತು. ಎರಡೂ ಲಿವರ್ ಹ್ಯಾಂಡಲಿಗೆ ತಾಗೋವರೆಗೂ ಒತ್ತಿದೆ. ಸೈಕಲ್ ನಿಧಾನ ಆಯ್ತು, ನಿಲ್ಲಲಿಲ್ಲ. ಆಟೋ ತಪ್ಪಿಸಿ ಕಾಂಪೌಂಡ್ ಗೋಡೆಗೆ ಹೋದೆ. ಮಕ್ಕಳಿಗೆ ಏನೂ ಆಗಲಿಲ್ಲ. ಆ ಆಟೋ ಹಿಂದಿನ ಸೀಟಿಂದ ನನ್ನನ್ನೇ ನೋಡ್ತಿದ್ದ ಒಂದು ಮಗುವಿನ ಮುಖ ಇವತ್ತಿಗೂ ಹೋಗಿಲ್ಲ. ಆಸ್ಪತ್ರೆ ಬಿಲ್ಲು ಇಡೀ ಸೈಕಲಿಗಿಂತ ಜಾಸ್ತಿ ಬಂತು, ಅದನ್ನ ಶೀಟಿಗೆ ಸೇರಿಸಲಿಲ್ಲ.

ಬ್ಯಾಂಡೇಜ್ ಬಿಚ್ಚಿದ ಮೇಲೆ ಸೈಕಲನ್ನ ನಮ್ಮ ಏರಿಯಾದ ಹಳೇ ಸೈಕಲ್ ಶಾಪಿಗೆ ತಗೊಂಡು ಹೋದೆ. ಯಜಮಾನ್ರು ಒಂದು ಸುತ್ತು ನೋಡಿದ್ರು. "ಬಣ್ಣ ಚೆನ್ನಾಗಿದೆ ಮರಿ. ನಿಲ್ಸೋದು ಹೆಂಗೆ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಅವರು ಮಾಡಿದ ಕ್ರಮ ಹೇಳ್ತೀನಿ. ಮೊದಲು 120 ಮಿ.ಮೀ. ಹಬ್ಬಿನ ಅಲಾಯ್ ಚಕ್ರ. 114ಕ್ಕೂ 120ಕ್ಕೂ ಇರೋ ವ್ಯತ್ಯಾಸಕ್ಕೆ ಫ್ರೇಮನ್ನ ಒಂದೊಂದು ಬದಿಗೆ ಮೂರು ಮಿ.ಮೀ. ಹಿಗ್ಗಿಸಿದ್ರು. ಸ್ಟೀಲ್ ಆಗಿದ್ದಕ್ಕೆ ಆಯ್ತು, ಅಲ್ಯೂಮಿನಿಯಂ ಫ್ರೇಮಲ್ಲಿ ಇದನ್ನ ಮಾಡೋಕೆ ಹೋಗ್ಲೇಬೇಡಿ. ಎರಡೂ ಕಡೆ ಸಮ ಆಗಿದ್ಯಾ ಅಂತ ನೋಡೋಕೆ ಹ್ಯಾಂಡಲ್ ಕೆಳಗಿನ ಪೈಪಿಂದ ಹಿಂದಿನ ಎರಡೂ ತುದಿಗೆ ದಾರ ಕಟ್ಟಿ, ಸೀಟಿನ ಪೈಪಿಗೂ ದಾರಕ್ಕೂ ಇರೋ ಅಂತರವನ್ನ ಎರಡೂ ಬದಿ ಅಳೆದ್ರು. ಹತ್ತು ರೂಪಾಯಿ ದಾರ, ಅಷ್ಟೇ ಸಾಕು. ಆಮೇಲೆ ಬ್ರೇಕ್ ಬೋಲ್ಟಿನ ತೂತಿಂದ ರಿಮ್ಮಿಗೆ ರಬ್ಬರ್ ಒತ್ತೋ ಜಾಗದವರೆಗೆ ಅಳತೆ. ನನ್ನದು ಮುಂದೆ 62, ಹಿಂದೆ 68 ಬಂತು. ರೇಸ್ ಸೈಕಲ್ಲಿನ ಸಾಮಾನ್ಯ ಕ್ಯಾಲಿಪರ್ 57ಕ್ಕೆ ಮುಗಿಯುತ್ತೆ, ಹಾಗಾಗಿ 55ರಿಂದ 73ರವರೆಗೆ ಕೈ ಇರೋದನ್ನ ಹಾಕಿದ್ವಿ. ನನ್ನ 350 ರೂಪಾಯಿ ಬ್ರೇಕಲ್ಲಿ ರಬ್ಬರಿನ ಅರ್ಧ ಭಾಗ ಮಾತ್ರ ರಿಮ್ಮಿಗೆ ತಾಗ್ತಿತ್ತಂತೆ.

ಗೇರಿನ ಲೆಕ್ಕ ಇನ್ನೂ ತಮಾಷೆ. ನಾನು ಮುಂದೆ 46 ಹಲ್ಲು, ಹಿಂದೆ 16 ಹಾಕಿದ್ದೆ, ಸ್ಪೀಡಾಗಿ ಹೋಗ್ಲಿ ಅಂತ. ಒಂದು ಸುತ್ತು ಪೆಡಲ್ ತುಳಿದರೆ ಸುಮಾರು 6 ಮೀಟರ್. ಬ್ಯಾಗು ಹೊತ್ತು ಏರು ಹತ್ತಿದರೆ ಮಂಡಿ ಹಿಡ್ಕೊಳ್ತಿತ್ತು. ಫ್ರೀವೀಲ್ 18ಕ್ಕೆ ಬದಲಾಯಿಸಿದ ಮೇಲೆ 5.4 ಮೀಟರಿನ ಹತ್ತಿರ ಬಂತು, ಆರಾಮ. ಆಮೇಲೆ ನಮ್ಮ ಬೀದಿಗೆ ಹಾಲು ತರೋರ ಹಳೇ ಸೈಕಲ್ಲಿನ ಹಲ್ಲು ಎಣಿಸಿದೆ: 44 ಮತ್ತು 18. ದೊಡ್ಡ ಚಕ್ರ ಆದ್ದರಿಂದ ಅದೂ ಹೆಚ್ಚು ಕಮ್ಮಿ 5.4 ಮೀಟರೇ. ಎರಡು ತಿಂಗಳು ಯೂಟ್ಯೂಬ್ ನೋಡಿ ನಾನು ಹಾಲಿನವರ ಲೆಕ್ಕಕ್ಕೆ ಬಂದು ನಿಂತಿದ್ದೆ.

ಈಗ ತುಮಕೂರಿನವರ ಅಟ್ಲಾಸಿಗೆ ಬರೋಣ. ಟಯರಿನ ಪಕ್ಕದಲ್ಲಿ ಬರೆದಿರೋದನ್ನ ಓದಿ. 40-635 ಅಂತ ಇರಬೇಕು, ಅದು 28 ಇಂಚಿನ ರೋಡ್‌ಸ್ಟರ್ ಅಳತೆ. ತೆಳು ಟಯರಿನ 700ಸಿ ಚಕ್ರ 622. ಅದನ್ನೂ ಕೆಲವರು 28 ಇಂಚು ಅಂತಲೇ ಮಾರ್ತಾರೆ, ಮೋಸ ಹೋಗ್ಬೇಡಿ, ಕೊನೇ ಮೂರು ಅಂಕಿ ನೋಡಿ. ರಾಡ್ ಬ್ರೇಕು ರಿಮ್ಮಿನ ಒಳಮೈಗೆ ಒತ್ತುತ್ತೆ, ಬದಿಗಲ್ಲ. ಹಾಗಾಗಿ ಅದೇ ರಿಮ್ಮಿಗೆ ವೈರ್ ಬ್ರೇಕ್ ಹಾಕೋಕಾಗಲ್ಲ, ಬ್ರೇಕ್ ಬದಲಾದರೆ ಚಕ್ರ ಬದಲಾಗ್ಲೇಬೇಕು. ಫೋರ್ಕಿನ ತಲೆಯಲ್ಲಿ ಬ್ರೇಕ್ ಬೋಲ್ಟಿಗೆ ತೂತು ಇಲ್ಲದಿದ್ದರೆ ಡ್ರಿಲ್ ಹೊಡೆಸ್ಬೇಡಿ. ನಿಮ್ಮ ಹಲ್ಲು, ನಿಮ್ಮ ಮುಖ ಆ ಫೋರ್ಕಿನ ಮೇಲೆ ನಿಂತಿರುತ್ತೆ. ಇನ್ನು "ಕ್ಲೀನ್ ಲುಕ್" ಅಂತ ಒಂದು ಬ್ರೇಕ್ ತೆಗೆಯೋ ಫ್ಯಾಷನ್ ಇದೆ. ಫ್ರೀವೀಲ್ ಹಾಕಿದ ಸೈಕಲ್ಲನ್ನ ಪೆಡಲಿಂದ ನಿಲ್ಸೋಕಾಗಲ್ಲ. ಎರಡೂ ಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ, ಆ ಹತ್ತು ಸಾವಿರ ಅಪ್ಪನ ಅಟ್ಲಾಸಿಗೆ ಹಾಕ್ಬೇಡಿ. ರಾಡ್ ಬ್ರೇಕೇ ಇರಲಿ, ರಬ್ಬರ್ ಹೊಸದು ಹಾಕಿಸಿ, ರಿಮ್ಮಿನ ಬೆಂಡ್ ತೆಗೆಸಿ, ಚೈನು ಫ್ರೀವೀಲು ಎರಡನ್ನೂ ಒಟ್ಟಿಗೇ ಬದಲಾಯಿಸಿ, ಮಳೆಯಲ್ಲಿ ನಿಧಾನ ಓಡಿಸಿ. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸ್ತು. ಆದ್ರೂ ಪಾರ್ಟ್ಸಿಗೆ ಹೆದರಬೇಕಿಲ್ಲ, ರೋಡ್‌ಸ್ಟರ್ ಸಾಮಾನು ಲುಧಿಯಾನದಿಂದ ಈಗಲೂ ಬರುತ್ತೆ. ಸಪೂರ ಸೈಕಲ್ಲೇ ಬೇಕು ಅಂದ್ರೆ ವೈರ್ ಬ್ರೇಕಿನ ತೂತಿರೋ ಬೇರೆ ಸ್ಟೀಲ್ ಫ್ರೇಮ್ ಹುಡುಕಿ. ಹಿಂದಿನ ಚಕ್ರ ಕೂರೋ ಸೀಳು ಅಡ್ಡಕ್ಕಿರಬೇಕು, ಚಕ್ರ ಹಿಂದಕ್ಕೆಳೆದು ಚೈನ್ ಬಿಗಿ ಮಾಡೋ ಹಾಗೆ.

ಯಾವ ಫ್ರೇಮ್ ಆದ್ರೂ ದುಡ್ಡು ಕಟ್ಟೋ ಮುಂಚೆ ಮೂರು ಅಳತೆ ಕಳಿಸಿ ಬ್ರೋ: ಹಿಂದಿನ ಗ್ಯಾಪು, ಟಯರ್ ಮೇಲಿನ ನಂಬರು, ಬ್ರೇಕ್ ತೂತಿಂದ ರಿಮ್ಮಿನ ದೂರ. ನಾನು ಯಜಮಾನ್ರಿಗೆ ತೋರಿಸಿ ಹೇಳ್ತೀನಿ. ಆ 130ರ ಚಕ್ರ ಇನ್ನೂ ನನ್ನ ಮಂಚದ ಕೆಳಗೇ ಇದೆ, ಯಾರಿಗಾದ್ರೂ ಕೂರುತ್ತೆ ಅಂದ್ರೆ ಅದಕ್ಕೂ ಮೆಸೇಜ್ ಮಾಡಿ.