ಮನೆಯ ಹಿತ್ತಿಲಿಗೆ ತಕ್ಕ ಬಹುವಾರ್ಷಿಕ ಹೂಗಿಡಗಳು

(ರೈತರ ಸಭೆಗಾಗಿ ಉಪನ್ಯಾಸ)



ಹಳ್ಳಿಗಳಲ್ಲಿ ಹೂವಿಲ್ಲದೆ ಕಳೆಯುವ ದಿನವಿಲ್ಲ. ದೇವರ ಪೂಜೆಗೆ ಹೂವು ಬೇಕು. ಹೆಣ್ಣುಮಕ್ಕಳ ಮುಡಿಗೆ ಹೂವು ಬೇಕು. ಹಬ್ಬ, ಮದುವೆ, ಉತ್ಸವಗಳ ವಿಷಯವನ್ನಂತೂ ಹೇಳತಕ್ಕದ್ದೇ ಇಲ್ಲ. ಹೀಗಿದ್ದರೂ ಎಷ್ಟೋ ಮಂದಿ ಜಮೀನುದಾರರು ಸಂತೆಯಲ್ಲಿ ಹಣ ಕೊಟ್ಟು ಹೂವನ್ನು ಕೊಳ್ಳುವರು. ಅವರ ಹಿತ್ತಿಲೋ ಕಳೆ ಕಸಗಳಿಂದ ತುಂಬಿರುವುದು. ಕಾರಣವನ್ನು ವಿಚಾರಿಸಿದರೆ, ನೀರಿಲ್ಲ, ಪುರಸತ್ತಿಲ್ಲ ಎಂಬ ಎರಡೇ ಉತ್ತರಗಳು ದೊರೆಯುವುವು. ವರ್ಷ ವರ್ಷವೂ ಬಿತ್ತಿ ಬೆಳೆಸಬೇಕಾದ ಗಿಡಗಳ ವಿಷಯದಲ್ಲಿ ಇದು ನಿಜವಾಗಿರಬಹುದು. ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವ ಗಿಡಗಳ ವಿಷಯದಲ್ಲಿ ನಿಜವಲ್ಲ.

ನೀರು.— ಪ್ರತಿಯೊಂದು ಮನೆಯ ಬಚ್ಚಲಿನಿಂದಲೂ ದಿನವೂ ಹಲವು ಕೊಡ ನೀರು ಹೊರಕ್ಕೆ ಹರಿಯುವುದು. ಅದು ಗೋಡೆಯ ಮಗ್ಗುಲಲ್ಲಿ ನಿಂತು ಕೊಳೆತು, ದುರ್ಗಂಧಕ್ಕೂ ಸೊಳ್ಳೆಗಳಿಗೂ ಆಶ್ರಯವಾಗುವುದು. ಅದೇ ನೀರನ್ನು ಸಣ್ಣ ಕಾಲುವೆಯ ಮೂಲಕ ಒಂದು ದಿನ ಒಂದು ಪಾತಿಗೆ, ಮರುದಿನ ಇನ್ನೊಂದು ಪಾತಿಗೆ ತಿರುಗಿಸಿದರೆ ರೋಗಮೂಲವು ತಪ್ಪುವುದು, ಗಿಡವೂ ಬೆಳೆಯುವುದು. ಸಾಬೂನು ಮತ್ತು ಸೋಡಾ ಹೆಚ್ಚಾಗಿ ಬೆರೆತ ನೀರನ್ನು ಮಾತ್ರ ಬಿಡಲಾಗದು. ಅದರಿಂದ ಮಣ್ಣು ಕ್ರಮೇಣ ಚೌಳಾಗುವುದು.

ಗಿಡಗಳ ಆಯ್ಕೆ.— ಮೊದಲು ನೆಡತಕ್ಕದ್ದು ದಾಸವಾಳ. ಬಲಿತ ರೆಂಬೆಯಿಂದ 8 ಅಥವಾ 9 ಅಂಗುಲ ಉದ್ದದ ತುಂಡುಗಳನ್ನು ಕತ್ತರಿಸಿ ಮುಂಗಾರಿನಲ್ಲಿ ನೆಟ್ಟರೆ ಸುಲಭವಾಗಿ ಬೇರೂರುವುವು. ಹೊಸ ಚಿಗುರಿನಲ್ಲಿಯೇ ಇದು ಹೂ ಬಿಡುವುದರಿಂದ ಆಗಾಗ್ಗೆ ಸವರುತ್ತಿರಬೇಕು. ಬಿಳಿಯ ಹಿಟ್ಟಿನಂತೆ ಕಾಣುವ ತಿಗಣೆ ಹತ್ತಿದ ಕುಡಿಗಳನ್ನು ಕಂಡೊಡನೆ ಕತ್ತರಿಸಿ ಸುಡತಕ್ಕದ್ದು.

ನಂದಿಬಟ್ಟಲು ಸ್ವಲ್ಪ ನೆರಳನ್ನೂ ತಾಳುವುದು. ವರ್ಷದ ಹೆಚ್ಚು ಕಾಲ ಪೂಜೆಗೆ ಬಿಳಿಯ ಹೂವನ್ನೊದಗಿಸುವುದು. ಪಾರಿಜಾತಕ್ಕೆ ಆರೈಕೆ ಬಹು ಸ್ವಲ್ಪ. ಇದರ ಹೂಗಳು ರಾತ್ರಿ ಅರಳಿ ಬೆಳಗಿನ ಜಾವದಲ್ಲಿ ಉದುರುವುದರಿಂದ ಗಿಡದ ಬುಡವನ್ನು ಗುಡಿಸಿ ಚೊಕ್ಕಟವಾಗಿಡಬೇಕು.

ದುಂಡುಮಲ್ಲಿಗೆಗೆ ಬಿಸಿಲೂ, ನೀರು ನಿಲ್ಲದ ನೆಲವೂ ಅವಶ್ಯಕ. ಇದರ ವಿಷಯದಲ್ಲಿ ಅನೇಕರು ಮಾಡುವ ತಪ್ಪೆಂದರೆ ವರ್ಷವೆಲ್ಲ ಒಂದೇ ಸಮನೆ ನೀರು ಹೊಯ್ಯುವುದು. ಹಾಗೆ ಮಾಡಿದರೆ ಎಲೆ ಹೆಚ್ಚುವುದೇ ಹೊರತು ಹೂವು ಹೆಚ್ಚದು. ನವೆಂಬರಿನಲ್ಲಿ ನೀರನ್ನು ನಿಲ್ಲಿಸಿ, ಆ ತಿಂಗಳ ಕೊನೆಯಲ್ಲಾಗಲಿ ಡಿಸೆಂಬರಿನಲ್ಲಾಗಲಿ ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಸವರಿ, ಅನಂತರ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಬೇಸಗೆಯಲ್ಲಿ ಮೊಗ್ಗು ತುಂಬಿ ಬರುವುದು.

ಕನಕಾಂಬರಕ್ಕೆ ಪರಿಮಳವಿಲ್ಲದಿದ್ದರೂ ಅದರ ಹೂವು ಬೇಗ ಬಾಡದು. ಬೀಜದಿಂದ ಸಸಿ ಮಾಡಬಹುದು. ಬೇರಿನಲ್ಲಿ ಗಂಟುಗಳಾಗಿ ಗಿಡ ಸೊರಗಿದರೆ ಅದು ಕಣ್ಣಿಗೆ ಕಾಣದ ಜಂತುಹುಳುವಿನ ಬಾಧೆ. ಅಂಥ ಗಿಡವನ್ನು ಕಿತ್ತು ಸುಟ್ಟು, ಹೊಸ ಸಸಿಗಳನ್ನು ಬೇರೆ ಸ್ಥಳದಲ್ಲಿ ನೆಡತಕ್ಕದ್ದು. ಸುಗಂಧರಾಜವು ಮೆಕ್ಸಿಕೋ ದೇಶದ ಮೂಲದ್ದಾದರೂ ಇಲ್ಲಿಯ ಹವೆಗೆ ಚೆನ್ನಾಗಿ ಒಗ್ಗಿದೆ. ಗಡ್ಡೆಗಳನ್ನು 8 ಅಂಗುಲಕ್ಕೊಂದರಂತೆ ನೆಟ್ಟು, ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ ಮತ್ತೆ ನೆಡಬೇಕು.

ನೆಡುವ ಕ್ರಮ.— ಬೇಸಗೆಯಲ್ಲಿಯೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರಸಿ ತುಂಬತಕ್ಕದ್ದು. ಹಸಿಯ ಸಗಣಿಯನ್ನು ಹಾಕಿದರೆ ಗೆದ್ದಲಿಗೆ ಆಹ್ವಾನ ಕೊಟ್ಟಂತಾಗುವುದು. ಬೇಸಗೆಯಲ್ಲಿ ಬುಡಕ್ಕೆ ಒಣಗಿದ ತರಗನ್ನು ಹೊದಿಸಿದರೆ ನೀರಿನ ಖರ್ಚು ಕಡಮೆಯಾಗುವುದು.

ಎಚ್ಚರಿಕೆ.— ಕಣಗಿಲೆಯು ಬರವನ್ನೂ ತಡೆಯುವ ಗಿಡ; ದನಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕವು. ಆದುದರಿಂದಲೇ ಇದನ್ನು ಬೇಲಿಗೆ ನೆಡುವುದುಂಟು. ಆದರೆ ಇದರ ಎಲೆ, ತೊಗಟೆ, ಬೇರು, ಹೂವು ಎಲ್ಲವೂ ವಿಷ. ಎಲೆ ಒಣಗಿದರೂ ವಿಷವು ಹೋಗುವುದಿಲ್ಲ. ಸವರಿದ ರೆಂಬೆಗಳನ್ನು ಕೊಟ್ಟಿಗೆಯ ಬಳಿ ಎಸೆದು, ಒಣಗಿದ ಎಲೆಯು ಮೇವಿನಲ್ಲಿ ಬೆರೆತರೆ ಸ್ವಲ್ಪವೇ ಆದರೂ ಎತ್ತಿನ ಪ್ರಾಣ ಹೋಗಬಹುದು. ಒಂದು ಎತ್ತು ಹೋದರೆ ಒಂದು ಸಂಸಾರದ ಬೇಸಾಯವೇ ನಿಲ್ಲುವ ಹಳ್ಳಿಯಲ್ಲಿ ಇದು ಅಲ್ಪ ವಿಷಯವಲ್ಲ. ಆದ್ದರಿಂದ ಕಣಗಿಲೆಯನ್ನು ಕೊಟ್ಟಿಗೆ, ಬಣವೆ, ಬಾವಿಗಳಿಂದ ದೂರದಲ್ಲಿ ಮಾತ್ರ ನೆಟ್ಟು, ಸವರಿದ್ದನ್ನು ಆಗಲೇ ಹೂಳತಕ್ಕದ್ದು. ಇದರ ಕಡ್ಡಿಯನ್ನು ಒಲೆಗೆ ಹಾಕಲಾಗದು. ಮಕ್ಕಳ ಕೈಗೂ ಕೊಡಲಾಗದು. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಬಿಟ್ಟು ದಾಸವಾಳದ ಬೇಲಿಯನ್ನೇ ಹಾಕುವುದು ಲೇಸು.

ಗ್ರಾಮದ ಮುಖಂಡರು ಮೊದಲು ತಮ್ಮ ಹಿತ್ತಿಲಲ್ಲಿ ಈ ಕೆಲಸವನ್ನು ಮಾಡಿ ತೋರಿಸಿದರೆ ಉಳಿದವರು ಹೇಳಿಸಿಕೊಳ್ಳದೆ ಅನುಸರಿಸುವರು. ದಾಸವಾಳದ ಒಂದು ತಾಯಿಗಿಡವಿದ್ದರೆ ಕೇರಿಗೆಲ್ಲ ಹಂಚುವಷ್ಟು ಕಡ್ಡಿಗಳು ದೊರೆಯುವುವು. ಅದಕ್ಕೆ ಬೆಲೆ ಕೊಡಬೇಕಾದುದಿಲ್ಲ. ಬರುವ ಮುಂಗಾರಿನ ಮೊದಲ ಹದ ಮಳೆಗೆ ಪ್ರತಿಯೊಂದು ಮನೆಯವರೂ ಬಚ್ಚಲಿನ ನೀರು ಹರಿಯುವೆಡೆಯಲ್ಲಿ ಎರಡು ಗಿಡಗಳನ್ನಾದರೂ ನೆಟ್ಟರೆ, ಊರಿನ ಕೊಚ್ಚೆಯು ಕಡಮೆಯಾಗಿ, ದೇವರ ಮುಡಿಗೆ ಮನೆಯ ಹೂವೇ ಏರುವುದು.